ಟಾಕಿ ತೊಳೆಯಾಂವ

ಇಳಿಯೂಕಿಂತ ಮೊದಲು
ಮುಚ್ಚಳ ತೆಗೆದು ಸುಮ್ಮನ ನೋಡ್ತೀನಿ.
ಚೆಂಬೂರಿನಾಗ ಹದಿನಾಕು ಮಜಲಿನ ಬಿಲ್ಡಿಂಗು, ಅದರ ನೆತ್ತಿ.
ನೀರಿನಾಗ ಆಕಾಶದ ಒಂದು ಚೌಕ,
ಚೌಕದಾಗ ನನ್ನ ತಲಿ.

ಲಿಫ್ಟಿನಾಗ ಬರಬ್ಯಾಡ ಅಂದಾನ ಸೆಕ್ರೆಟರಿ,
ಒದ್ದಿ ಮೈ ನಿಂದು, ಹೊಲಸಾಗ್ತದ.
ಹತ್ತೂವಾಗ ನಾ ಒಣಗೇ ಇದ್ದೆ.
ಎರಡನೂರಾ ಐವತ್ತೆರಡು ಮೆಟ್ಟಲ,
ಮೆಟ್ಟಲಿಗೊಂದು ಬೈಗುಳ.
ಹತ್ತನೇ ಮಜಲಿಗೆ ಬೈಗುಳ ತೀರಿದವು,
ಮೆಟ್ಟಲ ಉಳಿದವು.

ಕಾಲಿಟ್ಟರ ರಾಡಿ ಏಳ್ತದ.
ಪೈಪಿನ ತುಕ್ಕು, ಪಾರಿವಾಳದ ಗರಿ,
ಯಾವದೋ ಹುಡುಗನ ಶಟಲ್‌ಕಾಕು.
ವರ್ಷಗಟ್ಟಲೆ ಇದನ್ನ ಕುಡದಾರ, ತಿಳಿನೀರು ಅಂತ.
ಕೆಸರು ಮಲಗಿತ್ತು, ಅದಕ್ಕ ತಿಳಿ.

ನನ್ನ ಹೆಸರು ಧೂಳಪ್ಪ.
ನನಗಿಂತ ಮೊದಲು ಮೂರು ಕೂಸು ಹೋಗಿದ್ದವು.
ಹೊಲಸು ಹೆಸರಿಟ್ರ ಸಾವು ಬಾಯಿ ಹಾಕಂಗಿಲ್ಲ ಅಂತ
ಆಳಂದದ ನಮ್ಮಾಯಿ ಇಟ್ಟಾಳ.
ಹುಣ್ಣಿಮಿ ದಿನ ವಿಹಾರದಾಗ ಭಂತೇಜಿ
ಮರಾಠ್ಯಾಗ ಹೇಳಿದ್ರು:
ಮನಸ್ಸು ಮೂಲದಾಗೇ ಹೊಳೀತದ,
ಧೂಳು ಹೊರಗಿಂದ ಬಂದ ಬೀಗ.
ಎಲ್ಲಾರೂ ನನ್ನ ಕಡಿ ತಿರುಗಿ ನಕ್ಕರು.
ನಾನೂ ನಕ್ಕೆ, ಆಮ್ಯಾಲ ಕೇಳಿದೆ:
ಬೀಗ ಹೋಗವಲ್ಲ ಅಂದ್ರ, ಭಂತೇ?
ಟಾಕಿ ತೊಳೆಯಾಂವ ನೀ, ಅಂದ್ರು,
ನನ್ನ ಕೇಳ್ತಿ?

ನೀರೆಲ್ಲ ಬಿಟ್ಟಮ್ಯಾಲ
ಪಕೀಟಿನಾಗ ಕೆಸರು ಮ್ಯಾಲ ಹೋಗ್ತದ,
ನನ್ನ ಉಸಿರು ಗ್ವಾಡಿಗೆ ಬಡದು ಬರ್ತದ.
ಮೂಲ್ಯಾಗ ಬ್ರಶ್ಶು ಮುಟ್ಟಂಗಿಲ್ಲ.
ಬೆರಳಿಗೆ ಅರಬಿ ಸುತ್ತಿ ಕುಕ್ಕರಗಾಲಿಲೆ ಕುಂತು
ತಿಕ್ಕಿದೆ, ತಿಕ್ಕಿದೆ,
ಅಂಗೈಯಷ್ಟು ಬಿಳೀದು ಕಂಡಿತು.
ಬಿಳಿ ಟೈಲ್ಸು.
ಯಾವ ಗೌಂಡಿನೋ ಏನೋ
ಯಾರೂ ಇಣಕದ ಈ ತಳಕ್ಕ
ಒಂದೊಂದೇ ಬಿಳಿ ಕೂಡಿಸಿ ಹೋಗ್ಯಾನ.
ನಾ ಹಚ್ಚಿದ್ದಲ್ಲ.
ಹಚ್ಚೂದೇನಿತ್ತು?

ಬಾಗಿಲದಷ್ಟು ಬಿಸಿಲು ಒಳಗ ಬಿತ್ತು.
ಸೆಕ್ರೆಟರಿ ನೆನಪಾದ.
ಅವನ ತಳದಾಗೂ ಇರಬೇಕಲ್ಲ,
ಇದೇ ಬಿಳಿ?
ಇರಬೇಕು ಅನ್ನಲಿಕ್ಕ ಬಾಯಿ ಬರಲಿಲ್ಲ.
ಇಲ್ಲ ಅನ್ನಲಿಕ್ಕೂ ಬರಲಿಲ್ಲ.
ಖಾಲಿ ಟಾಕ್ಯಾಗ ನಿಂತು ಸಣ್ಣಗ ಕೂಗಿದೆ: ಧೂಳಪ್ಪಾ.
ನಾಕೂ ಗ್ವಾಡಿ ಓ ಅಂದವು.

ವಾಲ್ವು ತಿರುವಿದ್ರ
ಮೊದಲು ಬಂದದ್ದು ಕೆಂಪು ನೀರು, ತುಕ್ಕಿಂದು.
ಬರಲಿ ಅಂದೆ. ಮುಂದಿನ ವರ್ಷ ಅದ.

ಇಳಿಯೂವಾಗ ಆರನೇ ಮಜಲಿನಾಗ
ಒಂದು ಬೈಗುಳ ಉಳಿದದ್ದು ನಾಲಿಗಿಗೆ ಬಂತು.
ಬಂದೇನಪ್ಪಾ ಬೀಗಾ, ಅಂದೆ.
ಈಗ ಖರೇನ ಒದ್ದಿ ಆಗಿದ್ದೆ.
ಹಿಂದ ನೋಡಿದ್ರ ಮೆಟ್ಟಲ ಮ್ಯಾಲ
ನನ್ನವೇ ಹೆಜ್ಜಿ,
ಮ್ಯಾಲಿನವು ಆಗಲೇ ಆರಲಿಕ್ಕತ್ತಿದ್ದವು.