ನೂರ ಎಂಬತ್ತು ಡಿಗ್ರಿ

ಸೆಂಟ್ರಲ್ ಮಾರ್ಕೆಟಿನ ಹಿಂದಿನ ಓಣಿಯಲ್ಲಿ
ಎಂಟುನೂರೈವತ್ತಕ್ಕೆ ಚೌಕಾಸಿ ಮಾಡಿ ತಂದದ್ದು.
ಗ್ಯಾರಂಟಿ ಇಲ್ಲ, ಬಿಲ್ಲೂ ಇಲ್ಲ,
ಎರಡು ದವಡೆ, ಒಂದು ಕೆಂಪು ದೀಪ.
ಅಮ್ಮ ಬೀಡಿಯ ತಡ್ಪೆಯಿಂದ ಕಣ್ಣೆತ್ತಿ ಕೇಳಿದಳು:
'ಇದೆಂತ, ಹಪ್ಪಳ ಸುಡ್ಲಿಕ್ಕಾ?'

ನನ್ನ ಕೂದಲಿನ ಬಗ್ಗೆ ಬೆಂಗ್ರೆಗೆಲ್ಲ ಒಂದು ಅಭಿಪ್ರಾಯ ಉಂಟು.
ಐದನೆಯ ಕ್ಲಾಸಿನಲ್ಲಿ ಟೀಚರು ಪೆನ್ಸಿಲ್ ಸಿಕ್ಕಿಸಿ ಕೈಬಿಟ್ಟರು.
ಪೆನ್ಸಿಲ್ ಬೀಳಲಿಲ್ಲ,
ಕ್ಲಾಸು ಬಿದ್ದು ಬಿದ್ದು ನಕ್ಕಿತು.
ಈಗ ಹಂಪನಕಟ್ಟೆಯ ಚಿನ್ನದಂಗಡಿಯವರು:
'ಬುಧವಾರ ಫೋಟೋ. ಸೀರೆ ನಾವು ಕೊಡ್ತೇವೆ.
ಕೂದಲು ಮಾತ್ರ ನೀಟಾಗಿರ್ಲಿ, ಯಕ್ಷಿತಾ.'
ನೀಟು ಎಂದರೆ ಏನು ಅಂತ ಕೇಳಬೇಕಿರಲಿಲ್ಲ,
ಗೋಡೆ ತುಂಬ ತೂಗುಹಾಕಿದ್ದರು
ಇಸ್ತ್ರಿ ಹಾಕಿದ ಹುಡುಗಿಯರನ್ನು.

ಮೊದಲ ದಿನ ಸ್ನಾನ ಮುಗಿಸಿ ಒದ್ದೆಯಲ್ಲೇ ಹಿಡಿದೆ.
ಚುಂಯ್ ಅಂತು, ಕಾದ ಕಾವಲಿಗೆ ನೀರು ಚಿಮುಕಿಸಿದ ಹಾಗೆ.
ಮನೆ ತುಂಬ ಸುಟ್ಟ ಕೋಳಿಪುಕ್ಕದ ವಾಸನೆ.
ಅಮ್ಮನಿಗೆ ಆಶ್ಚರ್ಯ:
'ಒದ್ದೆ ಮಾಡದಿದ್ರೆ ಒಡೀತದಲ್ಲ ಮಗಾ?'
ಇಪ್ಪತ್ತೆಂಟು ವರ್ಷ ಅವಳು ಮಾಡಿದ್ದು ಅದೇ.
ರಾತ್ರಿ ನೆನೆಸು, ಗೋಣಿಯಲ್ಲಿ ಸುತ್ತಿಡು,
ಎಲೆ ಮೆದುವಾದ ಮೇಲೆ ಸುರುಳಿ.
ನನ್ನದು ಉಲ್ಟಾ ಕಸುಬು.
ಒಣಗಿಸು, ಬಿಡಿಸು, ಸುರುಳಿ ತೆಗೆ.

ಎರಡನೆಯ ದಿನ ಕಿವಿ ಸುಟ್ಟಿತು.
ಮೂರನೆಯ ದಿನ ಕನ್ನಡಿಯೊಳಗಿನವಳು
ನನಗೆ ಎಡ ಬೇಕಾದಾಗ ಬಲಕ್ಕೆ ಹೋದಳು.
ಗುಂಡಿ ತಿರುಗಿಸಿ ತಿರುಗಿಸಿ ಕೊನೆಗೆ ತಿಳಿಯಿತು:
ನೂರ ಐವತ್ತಕ್ಕೆ ಕೇಳುವುದಿಲ್ಲ, ಇನ್ನೂರಕ್ಕೆ ಸಾಯುತ್ತದೆ,
ನೂರ ಎಂಬತ್ತಕ್ಕೆ ನೇರ.
ಗಣಿತದಲ್ಲೂ ಹಾಗೇ ಅಲ್ಲವಾ,
ನಾನು ಎರಡು ಸಲ ಫೇಲಾದ ಗಣಿತದಲ್ಲಿ.

ಎದುರಿನದ್ದು ಹೇಗೋ ಆಯಿತು.
ಹಿಂದಿನದ್ದು ನನಗೆ ಕಾಣುವುದಿಲ್ಲ.
ಕೈ ತಿರುಚಿ ತಿರುಚಿ ಅಳು ಬರುವ ಹೊತ್ತಿಗೆ
ಅಮ್ಮ ತಡ್ಪೆ ಬದಿಗಿಟ್ಟು ಎದ್ದಳು,
ಸೆರಗಿಗೆ ಬೆರಳು ಒರೆಸಿಕೊಂಡಳು.
ಹೊಗೆಸೊಪ್ಪಿನ ವಾಸನೆ ನನ್ನ ಕುತ್ತಿಗೆಯ ಹತ್ತಿರ ಕೂತಿತು.
'ಒಂದು ಚಿಟಿಕೆ ಹೆಚ್ಚಾದ್ರೆ ದಪ್ಪ ಆಗ್ತದೆ,
ಬ್ರಾಂಚಿನವ ಬಿಸಾಡ್ತಾನೆ,'
ಅನ್ನುತ್ತ ತಲೆಯನ್ನು ಪಾಲು ಮಾಡಿದಳು.
ಪ್ರತಿ ಪಾಲಿಗೂ ಬೀಡಿಯ ಗುಲಾಬಿ ನೂಲು,
ಎರಡು ಸುತ್ತು, ಒಂದು ಗಂಟು,
ಕಣ್ಣು ಕಿಟಕಿಯ ಕಡೆಗಿದ್ದರೂ ಬೆರಳು ತಪ್ಪಲಿಲ್ಲ.
ಇಪ್ಪತ್ತೈದಾದಾಗ ಅಭ್ಯಾಸಬಲದಿಂದ 'ಒಂದು ಕಟ್ಟು' ಅಂದಳು.
ಆಮೇಲೆ ಒಂದೊಂದೇ ಬಿಚ್ಚಿ
ದವಡೆಯ ನಡುವೆ ಇಟ್ಟು ಎಳೆದಳು, ಮೆಲ್ಲ,
ಮೀನಿನ ಮುಳ್ಳು ಬಿಡಿಸುವ ಹಾಗೆ.

ಒಂದು ಕಡೆ ಕೈ ನಿಂತಿತು.
ಅಲ್ಲೇನೋ ಕಂಡಿರಬೇಕು,
ಸುರುಳಿಯ ಅಡಿಯಲ್ಲಿ ಇಷ್ಟು ದಿನ ಇದ್ದದ್ದು.
'ಇದು ಇನ್ನೂ ಉಂಟಾ...'
'ಎಂತದು?'
'ಎಂತ ಇಲ್ಲ. ತಲೆ ಅಲ್ಲಾಡಿಸ್ಬೇಡ, ಸುಡ್ತದೆ.'
ಮತ್ತೆ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

ಬುಧವಾರ. ತಲೆಗೆ ಶಾಲು, ಶಾಲಿನ ಮೇಲೆ
ಅಕ್ಕಿ ತಂದ ಪ್ಲಾಸ್ಟಿಕ್ಕು.
ದೋಣಿಯಲ್ಲಿ ವಾರಿಜಕ್ಕ ಮೀನಿನ ಬುಟ್ಟಿಯ ಆಚೆಯಿಂದ
'ಹೆಣ್ಣೇ, ತಲೆಗೆ ಜ್ವರವಾ?' ಅಂದಳು.
ಸುಲ್ತಾನ್ ಬತ್ತೇರಿಗೆ ಐದೇ ನಿಮಿಷ.
ಐದು ನಿಮಿಷ ಸಾಕು ಅಳಿವೆಯ ಗಾಳಿಗೆ.
ಉಪ್ಪು ಎಲ್ಲಿ ಸಂದು ಸಿಕ್ಕರೂ ಒಳಗೆ ಬರುತ್ತದೆ,
ನೆಂಟರ ಹಾಗೆ, ಚಪ್ಪಲಿ ಬಿಡದೆ.

ಫೋಟೋದಲ್ಲಿ ನಾನು ಇದ್ದೇನೆ ನೋಡಿ,
ಕೆಂಪು ಸೀರೆ, ಮೂರು ಎಳೆಯ ಸರ,
ಹಣೆಯ ಎರಡೂ ಬದಿಗೆ ಸ್ಪ್ರಿಂಗು ಸ್ಪ್ರಿಂಗು.
'ಆಗಲಿ ಬಿಡಿ' ಅಂದ ಫೋಟೋದವ,
ಊಟದ ಹೊತ್ತಾಗಿತ್ತು.
ಹಿಂದಿನದ್ದು ಮಾತ್ರ ಸೊಂಟದವರೆಗೂ ನೇರ ಇತ್ತು,
ಒಂದೂ ಕದಲದೆ. ಅದು ಯಾವ ಫೋಟೋದಲ್ಲೂ ಇಲ್ಲ.

ಸಂಜೆ ಅಮ್ಮ ಮುಖ ನೋಡಿದಳು, ನಗಲಿಲ್ಲ.
'ಹಿಂದೆ ನಿಂತಿತಾ?'
'ನಿಂತಿತು.'
'ಮತ್ತೆ!' ಅಂದು ಎಲೆಗೆ ಕತ್ತರಿ ಹಾಕಿದಳು.
ಸ್ವಲ್ಪ ಹೊತ್ತಿನ ಮೇಲೆ,
'ಒಂದು ನೂಲು ಲೆಕ್ಕಕ್ಕೆ ಸಿಗ್ಲಿಲ್ಲ.'
ನನ್ನ ಕೈ ಕತ್ತಿನ ಹಿಂದೆ ಹೋಯಿತು.