ಸೊಸೈಟಿ ಮುಚ್ಚಿದ ಮೇಲೆ

ಭಾಗಮಂಡಲದ ಜೇನು ಸೊಸೈಟಿ, ಬಾಗಿಲು ಅರ್ಧ ಎಳೆದು
ಐದೂವರೆಯ ನಂತರ ಕಲಿಯುತ್ತೇನೆ.
ಸೆಲೆಕ್ಟ್ ಹೆಸರು ಫ್ರಮ್ ಸದಸ್ಯರು
ಎಂಟರ್ ಒತ್ತಿದೆ. ಏನೂ ಇಲ್ಲ.
ಕರ್ಸರ್ ಮಿಟುಕುತ್ತಿದೆ,
ಇನ್ನೇನೋ ಹೇಳಲಿಕ್ಕಿದೆಯಲ್ಲ ನಿನಗೆ ಎಂಬಂತೆ.
ಸೆಮಿಕೋಲನ್ ಮರೆತಿದ್ದೆ.

ಆಮೇಲೆ ಬಂದರು ಇನ್ನೂರ ಹದಿನಾಲ್ಕು ಮಂದಿ,
ಹಿಂದುಮುಂದಿಲ್ಲದೆ, ಸಂತೆಗೆ ಬಂದ ಹಾಗೆ.
ಆರ್ಡರ್ ಬೈ ಅಂದೆ; ಸಾಲಾಗಿ ನಿಂತರು.

ಎರಡು ಪಟ್ಟಿ ಜೋಡಿಸಿದೆ: ಸದಸ್ಯರು, ತಂದ ಜೇನು.
ಕೋರಂಗಾಲದ ತಮ್ಮಯ್ಯನವರ ಹೆಸರು ಉದುರಿಹೋಯಿತು.
ವಾರಕ್ಕೊಮ್ಮೆ ಬಂದು, ಬೆಂಚಿನ ತುದಿಯಲ್ಲಿ ಕೂತು,
ತೂಕದ ಕಲ್ಲು ಒರೆಸಿಟ್ಟು ಹೋಗುವವರು.

ಲೆಫ್ಟ್ ಜಾಯಿನ್ ಅಂತ ತಿದ್ದಿದೆ.
ಬಂದರು. ಹೆಸರಿನೆದುರು, ಕೆಜಿ ಇರಬೇಕಾದಲ್ಲಿ, ನಲ್.
ಸೊನ್ನೆಯಲ್ಲ.
ಸೊನ್ನೆಯೆಂದರೆ ತೂಗಿ ನೋಡಿದ್ದು.

ಕೆಜಿ ಈಕ್ವಲ್ ಟು ನಲ್ ಎಂದು ಕೇಳಿದರೆ ಒಬ್ಬರೂ ಇಲ್ಲ;
ಈಸ್ ನಲ್ ಎಂದೇ ಕೇಳಬೇಕಂತೆ.
ಇಲ್ಲದ್ದು ಯಾವುದಕ್ಕೂ ಸಮವಲ್ಲ,
ಇನ್ನೊಂದು ಇಲ್ಲದ್ದಕ್ಕೂ.

ಮೂವತ್ತೊಂದು ಹೆಸರು ಬಂತು.
ಮುಂದಿನ ಪಾಠ ಡಿಲೀಟ್.
ಪುಸ್ತಕ ಮುಚ್ಚಿ,
ತಮ್ಮಯ್ಯನವರು ಈ ವಾರ ಬರಲಿಲ್ಲವಲ್ಲ ಅಂತ
ತೂಕದ ಕಲ್ಲುಗಳನ್ನು ನಾನೇ ಒರೆಸಿಟ್ಟೆ.