ಅಳಿಸಿದ ಸಾಲು

ತಾರ್ತುವಿನ ನೆಲಮಾಳಿಗೆ. ಕಿಟಕಿಯಿಲ್ಲ.
ಬೆಳಗು ಬೈಗು ಎರಡೂ ಇಲ್ಲಿ ಸ್ವಿಚ್ಚಿನ ಮಾತು ಕೇಳುತ್ತವೆ.
ಇಪ್ಪತ್ತನಾಲ್ಕು ಪಂಜರ, ಇಪ್ಪತ್ತನಾಲ್ಕು ಕರಿಯ ಇಲಿ,
ಅರ್ಧಕ್ಕೆ ಹೊಟ್ಟೆತುಂಬ,
ಇನ್ನರ್ಧಕ್ಕೆ ನೂರರಲ್ಲಿ ಎಪ್ಪತ್ತು.

ತಕ್ಕಡಿ ಹಿಡಿದವಳು ವಿರ್ವೆ.
ಎರಡು ಪಾಯಿಂಟ್ ಎಂಟು ಗ್ರಾಂ.
ಚೂರು ಹೆಚ್ಚಾದರೆ ಉಗುರಿನಿಂದ ಕೆರೆದು
ಪುಡಿಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾಳೆ,
ನನ್ನ ಮುಖ ನೋಡುವುದಿಲ್ಲ.

ಮೂರನೇ ವಾರಕ್ಕೆ ಕಾಣತೊಡಗಿತು:
ಉಂಡವು ಮಲಗಿವೆ,
ಅರೆಹೊಟ್ಟೆಯವು ಓಡುತ್ತಿವೆ.
ಕಿರ್ರೆನ್ನುವ ಚಕ್ರ, ಎಲ್ಲಿಗೂ ಮುಟ್ಟದ ದಾರಿ,
ರಾತ್ರಿಗೆ ಒಂಬತ್ತು ಕಿಲೋಮೀಟರ್,
ಹೊರಗಿನ ಎಮಾಯೋಗಿ ಹೊಳೆಯ ದಂಡೆಗುಂಟ
ನಾನು ವರ್ಷಕ್ಕೊಮ್ಮೆಯೂ ನಡೆಯದಷ್ಟು.

ಖಾಲಿ ಹೊಟ್ಟೆ ಗ್ರೆಲಿನ್ ಎಂಬ ಓಲೆ ಬರೆದು
ರಕ್ತದ ಕೈಯಲ್ಲಿ ಮೆದುಳಿಗೆ ಕಳಿಸುತ್ತದೆ.
ಓಲೆಯಲ್ಲಿ ಇರುವುದು ಎರಡೇ ಮಾತು:
ಏಳು. ಹುಡುಕು.
ಎಲ್ಲಿ ಎಂಬುದನ್ನು ಬರೆಯುವುದಿಲ್ಲ.

ನೆಲದಿಂದ ಅರ್ಧ ಮೀಟರ್ ಎತ್ತರಕ್ಕೆ ನಿಲ್ಲಿಸಿದ ಹಲಗೆ,
ಎರಡು ತೋಳಿಗೆ ಗೋಡೆ, ಎರಡಕ್ಕೆ ಬರೀ ಬಯಲು.
ತುಂಬಿದ ಹೊಟ್ಟೆಯದು ಗೋಡೆ ಬಿಟ್ಟು ಕದಲದು.
ಹಸಿದದ್ದು ತುದಿಯವರೆಗೂ ನಡೆದು
ಕೆಳಗಿನ ಆಳಕ್ಕೆ ಮೂತಿ ಚಾಚಿ
ಮೀಸೆ ಅಲುಗಿಸಿತು.
‘ಆತಂಕ ಇಳಿದಿದೆ’ ಎಂದು ಬರೆದೆ.
ಹೆಗಲ ಮೇಲಿಂದ ಇಣುಕಿದ ವಿರ್ವೆ ಕೇಳಿದಳು,
‘ಧೈರ್ಯವೋ ಇದು,
ಹೆದರಿಕೊಳ್ಳುವುದಕ್ಕೂ ತ್ರಾಣ ಬೇಕಲ್ಲವೋ?’
ಕೋಷ್ಟಕದಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ.

ದಿನಾ ಒಂಬತ್ತಕ್ಕೆ ಉಣಿಸು.
ಎಂಟಕ್ಕೇ ಅವು ಎದ್ದು ನಿಲ್ಲುತ್ತಿದ್ದವು,
ಮುಂಗಾಲು ಸರಳಿಗೆ, ಕಿವಿ ಬಾಗಿಲಿಗೆ.
ಗಡಿಯಾರ ಕಲಿಸಿದವರಾರು? ಯಾರೂ ಇಲ್ಲ.
ಹಸಿವು ತನ್ನ ಮುಳ್ಳನ್ನು ತಾನೇ ತಿರುಗಿಸಿಕೊಳ್ಳುತ್ತದೆ.

ಆಮೇಲೆ ಅಕ್ಟೋಬರಿನ ಕೊನೆಯ ಭಾನುವಾರ.
ದೇಶಕ್ಕೆ ದೇಶವೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕಿಟ್ಟು
ಮಗ್ಗುಲಾಯಿತು.
ವಿರ್ವೆ ಹೊಸ ಒಂಬತ್ತಕ್ಕೆ ಬಂದಳು,
ಬೂಟಿಗೆ ಹಿಮದ ಕೆಸರು, ಜೇಬಿನಲ್ಲಿ ರೈ ರೊಟ್ಟಿಯ ತುಂಡು.
ಅವು ಹಳೆಯ ಎಂಟರಿಂದ ನಿಂತಿದ್ದವು.
ಹದಿನೇಳನೆಯದು ಸರಳು ಕಚ್ಚಿ ಕಚ್ಚಿ
ತುಟಿಯನ್ನು ರಕ್ತ ಮಾಡಿಕೊಂಡಿತ್ತು.
ಇಳಿದ ಆತಂಕ ಅಷ್ಟೂ ಆ ಒಂದೇ ಗಂಟೆಯಲ್ಲಿ
ಬಡ್ಡಿ ಸಮೇತ ಏರಿತ್ತು.
‘ವಬಂದುಸ್ತ್’ ಎಂದಳಂತೆ ಪಂಜರ ಪಂಜರಕ್ಕೂ,
ಕ್ಷಮಿಸಿ, ಕ್ಷಮಿಸಿ, ಹನ್ನೆರಡು ಸಲ.
ತೂಕ ಮಾತ್ರ ಬದಲಿಸಲಿಲ್ಲ.
ತನ್ನ ರೊಟ್ಟಿಯನ್ನೂ ಆ ದಿನ ತಿನ್ನಲಿಲ್ಲ;
ಮಧ್ಯಾಹ್ನ ಕಸದ ಡಬ್ಬಿಯಲ್ಲಿ ನಾನೇ ನೋಡಿದೆ,
ಹಾಗೇ ಇತ್ತು, ಕಾಗದ ಸುತ್ತಿದಂತೆ.

ಆ ಭಾನುವಾರದ ಸಾಲು ಅಳಿಸಿದ್ದು ನಾನು.
ಕಾರಣ ಬರೆಯಬೇಕಿತ್ತು: ‘ಉಪಕರಣ ದೋಷ’.
ಯಾವ ಉಪಕರಣ ಎಂದು
ಯಾರೂ ಕೇಳಲಿಲ್ಲ.

ಜನವರಿಯಲ್ಲಿ ಮೆದುಳುಗಳ ಸರದಿ.
ಹೊಗೆಯಾಡುವ ದ್ರವ ಸಾರಜನಕ, ಹೆಸರು ಚೀಟಿ, ಚಿಮಟ.
ಒಂದೊಂದೂ ಅರ್ಧ ಗ್ರಾಮಿಗೂ ಕಡಿಮೆ,
ದಿನದ ಉಂಡೆಯ ಏಳರಲ್ಲೊಂದು ಪಾಲು.
ಅರೆದು, ಸೋಸಿ, ಯಂತ್ರಕ್ಕೆ ಕೊಟ್ಟರೆ
ಡೋಪಮಿನ್ ಒಂದು ಏಣು, ಸೆರೊಟೋನಿನ್ ಇನ್ನೊಂದು,
ಹಾಳೆಯ ಮೇಲೆ ಸಣ್ಣ ಗುಡ್ಡಸಾಲು.
ಹದಿನೇಳನೆಯದರ ಗುಡ್ಡ
ಉಳಿದವುಗಳಂತೆಯೇ ಇತ್ತು.
ಕಾದದ್ದು ಎಲ್ಲಿ ಕೂತಿತ್ತೋ.

ಪ್ರಬಂಧ ಬಂತು. ಪದವಿ ಬಂತು.
ವಿರ್ವೆ ನಿವೃತ್ತಳಾಗಿ ವೊರು ಕಡೆ ಹೋದಳಂತೆ,
ಕೋಳಿ ಸಾಕಿದ್ದಾಳಂತೆ,
ಕಾಳು ಅಳೆಯುವುದಿಲ್ಲವಂತೆ.

ನನಗೆ ಪ್ರತಿ ಅಕ್ಟೋಬರ್, ಆ ಭಾನುವಾರ,
ಊರೆಲ್ಲ ಒಂದು ಗಂಟೆ ನಿದ್ದೆ ಉಳಿಯಿತೆಂದು ಹಿಗ್ಗುವಾಗ
ಕತ್ತಲಲ್ಲೇ ಎಚ್ಚರ.
ಅಡುಗೆಮನೆಯ ದೀಪ ಹಾಕದೆ
ಬಾಗಿಲ ಕಡೆ ಮುಖ ಮಾಡಿ ಕೂತಿರುತ್ತೇನೆ.
ಹಸಿವೇನೂ ಇರುವುದಿಲ್ಲ.